ಮೂರು ನುಡಿಗಳಲ್ಲಿ ಹಾಡಿಸಿಕೊಳ್ಳುವ ಮೈಲಾರ ಮಲ್ಲಣ್ಣ

ಬೀದರ್ ನಗರಕ್ಕೆ ಬಂದ ಪ್ರವಾಸಿಗರು ಬಹಮನಿ ಸುಲ್ತಾನರ ಕೋಟೆ, ಮಹಮೂದ್ ಗವಾನನ ಮದರಸಾ ನೋಡಿ, ಒಂದೆರಡು ಬಿದರಿ ಸಾಮಾನು ಕೊಂಡು ಹಿಂದಿರುಗುವುದೇ ಹೆಚ್ಚು. ಭಾಲ್ಕಿಯ ಬಸ್ಸು ಹತ್ತಿದವರಿಗೆ ಈ ಜಿಲ್ಲೆಯ ಮತ್ತೊಂದು ಸಂಪತ್ತಿನ ಪರಿಚಯವಾಗುತ್ತದೆ. ಅದು ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಸೇರಿದ್ದು.

ದಾರಿಯಲ್ಲಿ ಖಾನಾಪುರದ ಬಳಿ ಮೈಲಾರ ಮಲ್ಲಣ್ಣನ ಗುಡಿಯಿದೆ. ಭಾನುವಾರಗಳಲ್ಲಿ, ಅದರಲ್ಲೂ ಮಾರ್ಗಶಿರ ಮಾಸದ ಚಂಪಾಷಷ್ಠಿಯ ಸುಮಾರಿಗೆ, ಅಂಗಳವೆಲ್ಲ ಭಂಡಾರದ ಅರಿಶಿನದಿಂದ ಹಳದಿಯಾಗುತ್ತದೆ. ಕನ್ನಡಿಗರಿಗೆ ಈತ ಮೈಲಾರ, ಮರಾಠಿಗರಿಗೆ ಖಂಡೋಬಾ, ತೆಲುಗರಿಗೆ ಮಲ್ಲನ್ನ. ಕಥೆಯ ತಿರುಳು ಒಂದೇ. ಮಣಿ ಮತ್ತು ಮಲ್ಲ ಎಂಬ ದೈತ್ಯರ ಉಪಟಳ ತಾಳಲಾರದೆ ಋಷಿಗಳು ಮೊರೆಯಿಟ್ಟಾಗ ಶಿವನು ಮಾರ್ತಾಂಡ ಭೈರವನಾಗಿ ಕುದುರೆಯೇರಿ ಬಂದು ಅವರನ್ನು ಗೆದ್ದ. ಮರಾಠಿ ಹಾಡುಗಳಲ್ಲಿ ಆತನಿಗೆ ವರ್ತಕರ ಮಗಳು ಮ್ಹಾಳಸಾ, ಧನಗರರ ಮಗಳು ಬಾನಾಯಿ ಎಂಬ ಇಬ್ಬರು ಹೆಂಡಿರು. ತೆಲುಗಿನಲ್ಲಿ ಅವರೇ ಮೇಡಲಮ್ಮ ಮತ್ತು ಗೊಲ್ಲರ ಕೇತಮ್ಮ. ವ್ಯಾಪಾರಿಗಳೂ ಕುರಿಗಾರರೂ ಒಂದೇ ದೇವರಿಗೆ ಬೀಗರಾದ ಕಥೆಯಿದು. ಮರಾಠಿ ಭಕ್ತರ 'ಯೇಳಕೋಟ' ಎಂಬ ಘೋಷವಂತೂ ನಮ್ಮ 'ಏಳು ಕೋಟಿ'ಯೇ.

ಈ ಕಥೆಯನ್ನು ಜನ ಓದಿ ತಿಳಿದವರಲ್ಲ, ರಾತ್ರಿಯಿಡೀ ಜಾಗರಣೆಯಲ್ಲಿ ಕೂತು ಕೇಳಿ ತಿಳಿದವರು. ವಾಘ್ಯಾಗಳ ಮೇಳದಲ್ಲಿ ದಿಮಡಿ ಎಂಬ ಚಿಕ್ಕ ಚರ್ಮವಾದ್ಯ, ಒಂದೇ ತಂತಿಯ ತುಣತುಣೆ, ಕೈಗಂಟೆ ಇರುತ್ತವೆ. ತೆಲುಗು ನಾಡಿನ ಒಗ್ಗು ಕಥೆಯಲ್ಲಿ ಡೋಲು, ತಾಳ ಮತ್ತು ಡಮರು. ನಮ್ಮ ಗೊರವರ ಕೈಯಲ್ಲೂ ಡಮರುಗವೇ. ಮೊದಲು ಊರೂರಿನ ದೇವರುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಕಥೆ.

ಇಷ್ಟು ಉದ್ದದ ಕಥೆ ನೆನಪಿನಲ್ಲಿ ಉಳಿಯುವುದು ಹೇಗೆ? ಗುಟ್ಟು ಸಂಗೀತದಲ್ಲಿದೆ. ಹಿಮ್ಮೇಳದವರು ಪಲ್ಲವಿಯನ್ನು ಮತ್ತೆ ಮತ್ತೆ ಎತ್ತಿಕೊಳ್ಳುವಾಗ ಮುಖ್ಯ ಹಾಡುಗಾರನಿಗೆ ಮುಂದಿನ ಸಾಲನ್ನು ನೆನೆಯಲು ಬಿಡುವು ದೊರೆಯುತ್ತದೆ. ತಾಳಕ್ಕೆ ಹೊಂದದ ಪದ ತಾನಾಗಿಯೇ ಎಡವುತ್ತದೆ. ವಿದ್ಯಾರ್ಥಿಗಳು ಮಗ್ಗಿಯನ್ನು ರಾಗವಾಗಿ ಹೇಳುವುದೂ ಇದೇ ಉಪಾಯ.

ಹಾಡಿನಂತೆ ನುಡಿಯನ್ನೂ ಬಾಯಿಂದ ಬಾಯಿಗೆ ಕಾಪಾಡಿದ ಊರು ಭಾಲ್ಕಿ. ನಿಜಾಮರ ಆಳ್ವಿಕೆಯಲ್ಲಿ, ಶಾಲೆಗಳಲ್ಲಿ ಉರ್ದು ನಡೆಯುತ್ತಿದ್ದ ಕಾಲದಲ್ಲಿ, ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ. 1948ರಲ್ಲಿ ಆ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ಬೀದರ್ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು.

ಮಾಂಜ್ರಾ ನದಿ ದಾಟಿ ಔರಾದ್ ಕಡೆಗೆ ಹೋದರೆ ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಮರೆಯಾಗಿ ಕಪ್ಪು ಎರೆಭೂಮಿ ಕಾಣುತ್ತದೆ. ಮಹಾರಾಷ್ಟ್ರ, ತೆಲಂಗಾಣಗಳೆರಡೂ ಇಲ್ಲಿಗೆ ಹತ್ತಿರ. ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ಮರಾಠಿಯಲ್ಲಿ ಮುಗಿದರೆ ಯಾರಿಗೂ ಆಶ್ಚರ್ಯವಿಲ್ಲ. ಒಂದು ದೇವರ ಕಥೆ ಮೂರು ನುಡಿಗಳಲ್ಲಿ ಬೆಳೆದದ್ದು ಹೇಗೆಂದು ಇಲ್ಲಿ ಬೇರೆ ವಿವರಿಸಬೇಕಿಲ್ಲ.

ನೆರೆಯವರು ಈ ಹಾಡುಗಳಿಗೆ ಹೊಸ ಜೀವ ಕೊಟ್ಟಿದ್ದಾರೆ. ಶಾಹೀರ್ ಸಾಬಳೆ (1923-2015) 'ಮಹಾರಾಷ್ಟ್ರಾಚಿ ಲೋಕಧಾರಾ' ಎಂಬ ಕಾರ್ಯಕ್ರಮದ ಮೂಲಕ ಮರಾಠಿ ಜನಪದ ಪ್ರಕಾರಗಳನ್ನು ರಂಗಕ್ಕೆ ತಂದರು. 2017ರಲ್ಲಿ ನಿಧನರಾದ ಚುಕ್ಕ ಸತ್ತಯ್ಯ ಒಗ್ಗು ಕಥೆಯನ್ನು ಹಳ್ಳಿಯಿಂದ ನಗರದ ವೇದಿಕೆಗೆ ಕರೆತಂದರು. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ (1934-1992) ಧನಗರರ ನಡುವೆ ಓಡಾಡಿ ಅವರ ಹಾಡುಗಳನ್ನು ಸಂಗ್ರಹಿಸಿದರು.

ಆದರೆ ಹಳೆಯದೆಲ್ಲವೂ ಮರಳಿ ಬರಬೇಕೆಂದಲ್ಲ. ಹೆಣ್ಣುಮಕ್ಕಳನ್ನು 'ಮುರಳಿ'ಯಾಗಿ ಖಂಡೋಬನಿಗೆ ಬಿಡುವ ಪದ್ಧತಿಯೂ ಈ ಪರಂಪರೆಯಲ್ಲಿತ್ತು. ದೇವರಿಗೆ ಹೆಣ್ಣುಮಕ್ಕಳನ್ನು ಅರ್ಪಿಸುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿದೆ. ಹರಕೆಗಾಗಿ ಒಂದು ಹುಡುಗಿಯ ಬಾಳನ್ನು ಕೊಡುವುದು ಬೇರೆ, ಶಾಲೆಗೆ ಹೋಗುವ ಹುಡುಗಿ ಇಷ್ಟಪಟ್ಟು ಹಾಡು ಕಲಿಯುವುದು ಬೇರೆ. ಹಾಡು ಉಳಿಯಲಿ, ಆ ಪದ್ಧತಿ ಬೇಡ.

ಹಾಡುಗಾರರ ಮಕ್ಕಳು ಓದಿ ಬೇರೆ ಕೆಲಸ ಹಿಡಿಯುವುದು ಸಹಜ, ಬೇಕಾದದ್ದೂ ಹೌದು. ಹಾಗಾದರೆ ಕಥೆಯನ್ನು ಹೊರುವವರು ಯಾರು? ವಾರ್ಷಿಕೋತ್ಸವದಲ್ಲಿ ಮಕ್ಕಳನ್ನು ಸಿನಿಮಾ ಹಾಡಿಗೆ ಕುಣಿಸುವ ಶಾಲೆಗಳು ಒಂದು ಸಂಜೆ ಊರಿನ ಮೇಳವನ್ನು ಗೌರವಧನ ಕೊಟ್ಟು ಕರೆಸಬಹುದು. ಮಕ್ಕಳು ಹಿರಿಯರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ತಿಳಿಯದ ಪದಗಳ ಅರ್ಥವನ್ನು ಅಜ್ಜಿಯ ಬಳಿ ಕೇಳಿ ಬರೆದಿಟ್ಟುಕೊಳ್ಳಬಹುದು. ಮುದ್ರಿಸಿಟ್ಟರಷ್ಟೇ ಸಾಲದು. ಒಂದು ಪಲ್ಲವಿಯನ್ನಾದರೂ ತಾವೇ ತಾಳ ಹಿಡಿದು ಹಾಡಬೇಕು. ಮುಂದಿನ ಚಂಪಾಷಷ್ಠಿಗೆ ಖಾನಾಪುರಕ್ಕೆ ಹೊರಡುವ ತಂದೆತಾಯಿಯರು ದರ್ಶನ ಮುಗಿಸಿ ತಕ್ಷಣ ಬಸ್ಸು ಹಿಡಿಯದೆ, ಮಕ್ಕಳೊಡನೆ ಸ್ವಲ್ಪ ಹೊತ್ತು ಮೇಳದವರ ಮುಂದೆ ಕೂತರೆ ಅಲ್ಲಿಂದಲೇ ಪಾಠ ಶುರುವಾಗುತ್ತದೆ.