ಹರಾಜಿನ ಕಾರು ಮತ್ತು ಮೌನದ ಬೆಲೆ

ಕೊಳ್ಳುವಾಗ ಮನುಷ್ಯನ ವಿವೇಕಕ್ಕೆ ಪರೀಕ್ಷೆ; ಮಾರುವಾಗ ಅವನ ಸತ್ಯನಿಷ್ಠೆಗೆ ಪರೀಕ್ಷೆ. ಒಂದೇ ವಸ್ತುವಿನ ನೆಪದಲ್ಲಿ ಈ ಎರಡು ಪರೀಕ್ಷೆಗಳೂ ಒಬ್ಬನೇ ವ್ಯಕ್ತಿಗೆ ಎದುರಾಗುವುದು ವಿರಳ. ಅಮೆರಿಕದ ಓಹಾಯೋ ರಾಜ್ಯದ ನಿವೃತ್ತ ಅಧ್ಯಾಪಕರೊಬ್ಬರಿಗೆ ಹಳೆಯ ಕಾರೊಂದರಿಂದ ಅಂಥ ಸಂದರ್ಭ ಒದಗಿತು.

ಆ ದೇಶದಲ್ಲಿ ‘ಮಸಲ್ ಕಾರ್’ ಎಂದು ಕರೆಯಲ್ಪಡುವ ವಾಹನಗಳಿಗೆ ವಿಶೇಷ ಸ್ಥಾನವಿದೆ. ಮಧ್ಯಮ ಗಾತ್ರದ, ಸಾಮಾನ್ಯ ಬೆಲೆಯ ಕಾರಿನಲ್ಲಿ ದೊಡ್ಡ ಕಾರಿನ ಎಂಜಿನನ್ನು ಕೂರಿಸುವುದೇ ಅದರ ತಿರುಳು. ಪಾಂಟಿಯಾಕ್ ಕಂಪನಿಯು 1964ರಲ್ಲಿ ತನ್ನ ಟೆಂಪೆಸ್ಟ್ ಮಾದರಿಯಲ್ಲಿ 389 ಘನ ಅಂಗುಲದ ಎಂಜಿನನ್ನಿಟ್ಟು ‘ಜಿಟಿಒ’ ಎಂಬ ಹೆಸರಿನಲ್ಲಿ ಹೊರತಂದಾಗ ಈ ಪರಂಪರೆ ಜನಪ್ರಿಯವಾಯಿತು. ಮಧ್ಯಮ ಗಾತ್ರದ ಕಾರುಗಳಿಗೆ ಅಷ್ಟು ದೊಡ್ಡ ಎಂಜಿನನ್ನು ಮಾತೃಸಂಸ್ಥೆಯಾದ ಜನರಲ್ ಮೋಟರ್ಸ್ ಒಪ್ಪುತ್ತಿರಲಿಲ್ಲ. ಆದ್ದರಿಂದ ಜಿಟಿಒ ಸ್ವತಂತ್ರ ಮಾದರಿಯಾಗಿ ಅಲ್ಲ, ಹೆಚ್ಚುವರಿ ಹಣ ತೆತ್ತು ಪಡೆಯಬಹುದಾದ ಸೌಲಭ್ಯವಾಗಿ ಮಾರಾಟಕ್ಕೆ ಬಂದಿತು. ಮೊದಲ ವರ್ಷವೇ 32,450 ಕಾರುಗಳು ಖರ್ಚಾದವು. ಮುಂದೆ ವಿಮಾ ಕಂತಿನ ಏರಿಕೆ, 1970ರ ವಾಯುಶುದ್ಧಿ ಕಾನೂನು ಮತ್ತು 1973ರ ತೈಲ ಬಿಕ್ಕಟ್ಟು ಒಂದಾದ ಮೇಲೊಂದು ಬಂದು ಆ ಕಾಲ ಮುಗಿಯಿತು. 2010ರಲ್ಲಿ ಪಾಂಟಿಯಾಕ್ ಹೆಸರೇ ಮಾರುಕಟ್ಟೆಯಿಂದ ಮರೆಯಾಯಿತು. ಆದರೆ ಬಾಲ್ಯದಲ್ಲಿ ಆ ಕಾರುಗಳನ್ನು ಬೀದಿಯಲ್ಲಿ ನಿಂತು ನೋಡಿದವರ ಮನಸ್ಸಿನಿಂದ ಅವು ಮರೆಯಾಗಲಿಲ್ಲ.

ಅಧ್ಯಾಪಕರೂ ಅಂಥವರಲ್ಲೊಬ್ಬರು. ದಶಕಗಳಿಂದ ಕೊಟ್ಟಿಗೆಯಲ್ಲಿ ಬಿದ್ದಿದ್ದ, ಓಡದ, 1965ರ ಜಿಟಿಒ ಎಂದು ಹೇಳಲಾದ ಕಾರೊಂದು ಅಂತರ್ಜಾಲದ ಹರಾಜಿಗೆ ಬಂದಿರುವುದನ್ನು ಅವರು ಕಂಡರು. ಪತ್ನಿಯೊಡನೆ ಕುಳಿತು ಲೆಕ್ಕ ಹಾಕಿ, 12,000 ಡಾಲರಿಗೆ ಮಿತಿಯನ್ನು ನಿಶ್ಚಯಿಸಿದರು. ಉಳಿದ ಹಣ ಮನೆಯ ಸೋರುವ ಮೇಲ್ಛಾವಣಿಗೆ ಮೀಸಲಾಗಿತ್ತು.

ಇಂಥ ಹರಾಜಿನ ಕ್ರಮವೂ ತಿಳಿಯತಕ್ಕದ್ದು. ಸವಾಲು ಹಾಕುವವನು ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ತಿಳಿಸುತ್ತಾನೆ. ಯಂತ್ರವು ಇತರರ ಸವಾಲಿಗಿಂತ ಒಂದು ಮೆಟ್ಟಿಲಷ್ಟೇ ಮೇಲಕ್ಕೆ ಅವನ ಪರವಾಗಿ ಏರುತ್ತ ಹೋಗುತ್ತದೆ. ಗೆದ್ದವನು ಎರಡನೆಯವನ ಬೆಲೆಗಿಂತ ತುಸು ಹೆಚ್ಚು ಕೊಟ್ಟರೆ ಸಾಕು. ಗೆದ್ದವನು ಎರಡನೆಯ ಬೆಲೆಯನ್ನು ತೆರುವ ಹರಾಜಿನಲ್ಲಿ, ತನಗೆ ತೋಚಿದ ನಿಜವಾದ ಬೆಲೆಯನ್ನು ಒಮ್ಮೆ ಹೇಳಿ ಸುಮ್ಮನಿರುವುದೇ ಜಾಣತನವೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿಯೇ ತೋರಿಸಿದ್ದರು. ಆದರೆ ಸುಮ್ಮನಿರುವುದೇ ಮನುಷ್ಯನಿಗೆ ಕಠಿಣ. ಕೊನೆಯ ನಿಮಿಷಗಳಲ್ಲಿ ಮತ್ತೊಬ್ಬನು ಸವಾಲು ಏರಿಸಿದಾಗ, ಕಾರಿನ ಆಸೆಗೆ ಸೋಲಬಾರದೆಂಬ ಹಠವೂ ಕೂಡಿಕೊಂಡಿತು. ಅಧ್ಯಾಪಕರು 17,500 ಡಾಲರಿಗೆ ಗೆದ್ದರು. ಕಾಣದ ಪ್ರತಿಸ್ಪರ್ಧಿಯ ಮೇಲಿನ ಆ ಗೆಲುವಿಗೆ ಮೇಲ್ಛಾವಣಿಯ ಹಣ ಸಂದಾಯವಾಯಿತು. ನಿಜಬೆಲೆ ಯಾರಿಗೂ ಖಚಿತವಿಲ್ಲದ ವಸ್ತುವಿನ ಹರಾಜಿನಲ್ಲಿ, ಅದಕ್ಕೆ ಅತಿ ಹೆಚ್ಚು ಬೆಲೆ ಊಹಿಸಿದವನೇ ಗೆಲ್ಲುತ್ತಾನೆ. ತೈಲನಿಕ್ಷೇಪಗಳ ಹರಾಜನ್ನು ಪರಿಶೀಲಿಸಿದ ಮೂವರು ಎಂಜಿನಿಯರುಗಳು 1971ರಲ್ಲಿ ವಿವರಿಸಿದ ಈ ಸ್ಥಿತಿಗೆ ‘ವಿಜೇತನ ಶಾಪ’ವೆಂದೇ ಹೆಸರು ಬಂದಿದೆ.

ಕಾರು ಟ್ರೇಲರಿನಲ್ಲಿ ಮನೆಗೆ ಬಂದಿತು. ಅಧ್ಯಾಪಕರು ಚಿಕ್ಕ ಅಯಸ್ಕಾಂತವೊಂದನ್ನು ಹಿಡಿದು ಹೊರಮೈಯನ್ನು ಪರೀಕ್ಷಿಸಿದರು. ಹಿಂಬದಿಯ ಚಕ್ರಗಳ ಮೇಲ್ಭಾಗದಲ್ಲಿ ಅದು ಅಂಟಲಿಲ್ಲ. ತುಕ್ಕು ತಿಂದ ತಗಡಿನ ಜಾಗದಲ್ಲಿ ದಪ್ಪವಾಗಿ ಪುಟ್ಟಿ ತುಂಬಲಾಗಿತ್ತು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. 1966ರಿಂದ ಜಿಟಿಒ ಪ್ರತ್ಯೇಕ ಶ್ರೇಣಿಯಾದುದರಿಂದ ಅದರ ಗುರುತುಸಂಖ್ಯೆ 242 ಎಂದು ಆರಂಭವಾಗುತ್ತದೆ. ಆದರೆ 1964 ಮತ್ತು 1965ರ ಕಾರುಗಳಲ್ಲಿ ಸಾಮಾನ್ಯ ಲೆಮಾನ್ಸ್ ಕಾರಿಗೂ ಜಿಟಿಒಗೂ ಗುರುತುಸಂಖ್ಯೆಯಿಂದ ಭೇದ ತಿಳಿಯದು. ಕಾರ್ಖಾನೆಯ ಬಿಲ್ಲಿನ ಪ್ರತಿಯನ್ನು ತರಿಸಿ ನೋಡಬೇಕು. ಹರಾಜು ಮುಗಿದುಹೋದೀತೆಂಬ ಆತುರದಲ್ಲಿ ಅಧ್ಯಾಪಕರು ಅದನ್ನು ಮೊದಲು ತರಿಸಿರಲಿಲ್ಲ. ಈಗ ತರಿಸಿದಾಗ, ಕಾರು ಲೆಮಾನ್ಸ್ ಆಗಿಯೇ ಹುಟ್ಟಿತ್ತೆಂದು ತಿಳಿಯಿತು. ಯಾರೋ ಎಂದೋ ಲಾಂಛನಗಳನ್ನು ಜೋಡಿಸಿದ್ದರು. ‘ಇದ್ದ ಸ್ಥಿತಿಯಲ್ಲಿ ಮಾರಾಟ’ ಎಂಬ ಷರತ್ತನ್ನು ಒಪ್ಪಿ ಕೊಂಡದ್ದರಿಂದ ಹಣ ಮರಳುವ ಹಾದಿಯೂ ಕಾಣಲಿಲ್ಲ.

ಮಾರುವವನಿಗೆ ತಿಳಿದ ದೋಷ ಕೊಳ್ಳುವವನಿಗೆ ತಿಳಿಯದಿದ್ದರೆ ಏನಾಗುತ್ತದೆಂಬುದನ್ನು ಜಾರ್ಜ್ ಅಕರ್‌ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದಲೇ ವಿವರಿಸಿದ್ದಾರೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಭೇದ ಕಾಣದ ಗಿರಾಕಿ ಎಲ್ಲಕ್ಕೂ ಅನುಮಾನದ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಒಬ್ಬನ ಮೌನದ ದಂಡವನ್ನು ಪ್ರಾಮಾಣಿಕರೆಲ್ಲರೂ ತೆರಬೇಕಾಗುತ್ತದೆ.

ಕೆಲವು ತಿಂಗಳ ನಂತರ ಯುವಕನೊಬ್ಬ ಕಾರನ್ನು ನೋಡಲು ಬಂದನು. ಲಾಂಛನ ಕಂಡು ಹಿಗ್ಗಿ, 20,000 ಡಾಲರ್ ಕೊಡುವೆನೆಂದನು. ಅಧ್ಯಾಪಕರು ಸುಳ್ಳನ್ನೇನೂ ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಮೇಲ್ಛಾವಣಿಯ ಹಣ ಮರಳುತ್ತಿತ್ತು, ಪತ್ನಿಯ ಮುಂದೆ ತಲೆಯೆತ್ತಿ ನಿಲ್ಲಬಹುದಿತ್ತು. ಅವರು ಒಳಗೆ ಹೋಗಿ ಕಾರ್ಖಾನೆಯ ಬಿಲ್ಲಿನ ಪ್ರತಿಯನ್ನೂ ಆ ಅಯಸ್ಕಾಂತವನ್ನೂ ತಂದು ಯುವಕನ ಕೈಗಿತ್ತರು. ಕಾರು 11,000 ಡಾಲರಿಗೆ ಮಾರಾಟವಾಯಿತು. ಆ ವರ್ಷದ ಮಳೆಗಾಲವನ್ನು ದಂಪತಿಗಳು ಸೋರುವ ಸೂರಿನ ಕೆಳಗೆ ಪಾತ್ರೆಗಳನ್ನಿಟ್ಟು ಕಳೆದರು.

ಮೋಸಹೋದವನಿಗೆ ಮುಂದಿನವನನ್ನು ಮೋಸಗೊಳಿಸುವ ಹಕ್ಕು ಒದಗುವುದಿಲ್ಲ. ತನಗಾದ ನಷ್ಟವನ್ನು ಮತ್ತೊಬ್ಬನ ಹೆಗಲಿಗೆ ದಾಟಿಸುವುದು ಲೋಕರೂಢಿಯಾಗಿರಬಹುದು, ಅದು ನ್ಯಾಯವಲ್ಲ. ‘ಕೇಳಲಿಲ್ಲ, ಹೇಳಲಿಲ್ಲ’ ಎಂಬ ಸಮಾಧಾನ ಕಾನೂನಿನ ಮುಂದೆ ನಿಂತೀತು, ಅಂತಃಕರಣದ ಮುಂದೆ ನಿಲ್ಲದು. ಆಸೆಗೆ ಹಾಕಿಕೊಂಡ ಮಿತಿಯನ್ನು ಮೀರಿದವನಿಗೂ ಸತ್ಯದ ಮಿತಿಯೊಳಗೆ ನಿಲ್ಲುವ ಅವಕಾಶ ಉಳಿದೇ ಇರುತ್ತದೆ. ಒಂದು ಕಡೆ ಎಡವಿದೆನೆಂದು ಇನ್ನೊಂದು ಕಡೆಯೂ ಬೀಳಬೇಕಾದ ಅಗತ್ಯವಿಲ್ಲ.