ಖಾಲಿ ತಟ್ಟೆ

ನಮ್ಮ ಅಮ್ಮಿ ಓದಿದ್ದು ಉರ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆದರೆ ಶಬೇ ಬರಾತ್ ಬಂತೆಂದರೆ ಅವಳ ಲೆಕ್ಕ ಬಲು ಖಚಿತ. ಕಡಲೆಬೇಳೆಯ ಹಲ್ವಾ ಒಲೆಯಿಂದ ಇಳಿಯುವ ಮೊದಲೇ ಯಾವ ಮನೆಗೆ ಯಾವ ತಟ್ಟೆ, ಯಾರ ಕೈಯಲ್ಲಿ, ಯಾವ ಹೊತ್ತಿಗೆ ಎಂಬುದೆಲ್ಲ ಅವಳ ಮನಸ್ಸಿನಲ್ಲಿ ತಯಾರಾಗಿರುತ್ತಿತ್ತು. ಹಲ್ವಾ ಮಾಡುವುದು ಸರಿಯೇ ತಪ್ಪೇ ಎಂದು ಇಂದು ನಮ್ಮಲ್ಲಿ ವಾದ ಮಾಡುವವರಿದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಆಳಂದದ ನಮ್ಮ ಗಲ್ಲಿಯಲ್ಲಿ ಆ ಸಂಜೆ ಮಕ್ಕಳಿಗೆ ಕಾಲು ನಿಲ್ಲುತ್ತಿರಲಿಲ್ಲ. ಬಟ್ಟೆ ಮುಚ್ಚಿದ ತಟ್ಟೆಗಳನ್ನು ಹೊತ್ತು ಈ ಮನೆಯಿಂದ ಆ ಮನೆಗೆ ಓಡಾಡುವುದೇ ನಮ್ಮ ಹಬ್ಬ. ಮುಸ್ಲಿಮರ ಮನೆ, ಲಿಂಗಾಯತರ ಮನೆ ಎಂಬ ಭೇದ ಆ ತಟ್ಟೆಗಳಿಗಿರಲಿಲ್ಲ. ಮೊಹರಂ ಬಂದಾಗ ಅದೇ ಲಿಂಗಾಯತರ ಮನೆಗಳಿಂದ ಚೋಂಗ್ಯಾ ನಮ್ಮ ಮನೆಗೆ ಬರುತ್ತಿದ್ದವು.

ಅಮ್ಮಿಯದು ಎರಡು ಕಾನೂನು. ಮೊದಲನೆಯದು, ಮೊದಲ ತಟ್ಟೆ ಮನೆಯೇ ಇಲ್ಲದವರಿಗೆ. ಎರಡನೆಯದು, ಆ ತಟ್ಟೆಯಲ್ಲಿ ತಳ ಹಿಡಿದದ್ದು, ಒಡೆದದ್ದು ಹೋಗಕೂಡದು. ನಮ್ಮ ನಾಲಿಗೆ ಯಾವುದಕ್ಕೆ ಆಸೆ ಪಡುತ್ತದೋ ಆ ತುಂಡೇ ಹೋಗಬೇಕು.

1988ರ ಮಾತು. ನನಗಾಗ ಒಂಬತ್ತು ವರ್ಷ. ಬಸ್ ನಿಲ್ದಾಣದ ಹತ್ತಿರದ ಬೇವಿನ ಮರದ ಕಟ್ಟೆಯ ಮೇಲೆ ಒಬ್ಬ ಮುದುಕಿ ಇರುತ್ತಿದ್ದಳು. ಎಲ್ಲಿಂದ ಬಂದವಳೋ, ಯಾವ ಜಾತಿಯವಳೋ ಯಾರಿಗೂ ಗೊತ್ತಿರಲಿಲ್ಲ. ಊರವರು ಹುಚ್ಚಿ ಎನ್ನುತ್ತಿದ್ದರು. ಅಮ್ಮಿ ಮಾತ್ರ ‘ಕಟ್ಟೆ ನಾನಿ’ ಎನ್ನುತ್ತಿದ್ದಳು. ಆ ವರ್ಷ ಮೊದಲ ತಟ್ಟೆ ಅವಳಿಗೇ ಹೊರಟಿತು. ಹಲ್ವಾದ ಮೇಲೆ ಗೋಡಂಬಿ, ಒಣದ್ರಾಕ್ಷಿ, ಕೊಬ್ಬರಿಯ ತೆಳುವಾದ ಎಸಳುಗಳು. ಹಿಟ್ಟಿನ ಗಿರಣಿ ದಾಟಿ ಸಂದಿಯೊಳಗೆ ಹೊಕ್ಕೆ. ಬಟ್ಟೆ ಸರಿಸಿ ಒಂದು ಗೋಡಂಬಿ ತಿಂದೆ. ಆಮೇಲೆ ಇನ್ನೊಂದು. ಕೊನೆಗೆ ಒಂದೂ ಉಳಿಯಲಿಲ್ಲ. ಬೆರಳಿನ ಗುರುತು ಕಾಣಬಾರದೆಂದು ಹಲ್ವಾವನ್ನು ಅಂಗೈಯಿಂದ ಸವರಿ ಸಮ ಮಾಡಿದೆ.

ಮುದುಕಿ ಬಟ್ಟೆ ತೆಗೆದು ನೋಡಿದಳು. ನನ್ನ ಮುಖವನ್ನೂ ನೋಡಿದಳು. ಏನೂ ಅನ್ನಲಿಲ್ಲ. ಹಲ್ವಾವನ್ನು ಎರಡು ಭಾಗ ಮಾಡಿ ದೊಡ್ಡದನ್ನು ನನ್ನ ಕೈಗಿಟ್ಟಳು.

“ತಿನ್ನು ತಮ್ಮಾ. ಒಬ್ಬಾಕಿ ತಿಂದ್ರ ಮೈಗಿ ಹತ್ತಂಗಿಲ್ಲ.”

ನಾನು ತಿಂದೆ. ಅವಳೂ ತಿಂದಳು. ಹೊರಡಲೆಂದು ತಟ್ಟೆಗೆ ಕೈ ಹಾಕಿದರೆ ತಡೆದಳು. ಸೆರಗಿನ ಗಂಟು ಬಿಚ್ಚಿ ಅದರೊಳಗಿದ್ದ ಪುಟಾಣಿ ಕಾಳುಗಳನ್ನು ಎಣಿಸಿದಂತೆ ತಟ್ಟೆಗೆ ಹಾಕಿದಳು. ನಾಲ್ಕು ಕಾಳು. ನಮ್ಮ ಕಡೆ ಯಾರೂ ಖಾಲಿ ಪಾತ್ರೆ ಮರಳಿಸುವುದಿಲ್ಲ. ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಮನೆಯಿಲ್ಲದ ಆ ಮುದುಕಿಗೂ ಆ ರಿವಾಜು ಗೊತ್ತಿತ್ತು.

ಆ ನಾಲ್ಕು ಕಾಳುಗಳನ್ನು ನಾನು ದಾರಿಯ ಗಟಾರಕ್ಕೆ ಎಸೆದೆ. ಮುದುಕಿಯ ಸೆರಗಿನಲ್ಲಿದ್ದದ್ದು, ಹೊಲಸು ಎಂದು. ಮನೆಗೆ ಬಂದಾಗ ಅಮ್ಮಿ ಕೇಳಿದಳು, “ನಾನಿ ತಟ್ಟೆಯಲ್ಲಿ ಏನು ಹಾಕಿದಳು?”

“ಏನೂ ಇಲ್ಲ.”

ಅಮ್ಮಿಯ ಮುಖ ಸಣ್ಣದಾಯಿತು. “ನಮ್ಮಿಂದ ಏನೋ ತಪ್ಪಾಗಿರಬೇಕು” ಎಂದಳು.

ಮುಂದಿನ ಮಳೆಗಾಲದಲ್ಲಿ ಕಟ್ಟೆ ಖಾಲಿಯಾಯಿತು. ಮುದುಕಿ ಎಲ್ಲಿ ಹೋದಳೋ ತಿಳಿಯಲಿಲ್ಲ. ಗೋಡಂಬಿ ಕದ್ದದ್ದನ್ನು ನಾನು ದೊಡ್ಡವನಾದ ಮೇಲೆ ಅಮ್ಮಿಗೆ ಹೇಳಿ ನಗಿಸಿದ್ದೇನೆ. ಪುಟಾಣಿ ಎಸೆದದ್ದನ್ನು ಹೇಳಲು ಬಾಯಿ ಬರಲಿಲ್ಲ. ಅಮ್ಮಿ ಹಾಗೆಯೇ ಹೋಗಿಬಿಟ್ಟಳು.

ಆಳಂದ ತಾಲೂಕಿನಲ್ಲಿ ಹರಿಯುವ ಹೊಳೆ ಅಮರ್ಜಾ. ಅದು ಕೆಳಗೆ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ಕಡೆ ಹೋಗುತ್ತಾಳೆ. ನನ್ನ ಬದುಕೂ ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು. ಉರ್ದು ಶಾಲೆ ಮುಗಿಸಿದ ಮೇಲೆ ಅಫಜಲಪುರದ ಮಾಮೂ ಮನೆಯಲ್ಲಿದ್ದು ಕನ್ನಡ ಹೈಸ್ಕೂಲು ಸೇರಿದೆ. ಒಮ್ಮೆ ಗೆಳೆಯನೊಬ್ಬ ಗಾಣಗಾಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ದತ್ತಾತ್ರೇಯನ ಸನ್ನಿಧಿ. ಮಧ್ಯಾಹ್ನದ ಹೊತ್ತು ದತ್ತನೇ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ. ಹೀಗಾಗಿ ಬಂದ ಭಕ್ತರೂ ಜೋಳಿಗೆ ಹಿಡಿದು ಕನಿಷ್ಠ ಐದು ಮನೆಯ ಮುಂದೆ ನಿಂತು ಭಿಕ್ಷೆ ಬೇಡುತ್ತಾರೆ. ಅದಕ್ಕೆ ಮಾಧುಕರಿ ಎಂದು ಹೆಸರು.

ನಾನು ಕಂಡದ್ದು ಇಷ್ಟು. ಒಂದು ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಕಾರಿನಲ್ಲಿ ಬಂದವನು, ಬೆರಳಲ್ಲಿ ಉಂಗುರ. ಇನ್ನೊಬ್ಬ ನಿಜವಾಗಿಯೂ ಹಸಿದವನು. ಒಳಗಿಂದ ಬಂದ ಏಳೆಂಟು ವರ್ಷದ ಹುಡುಗಿ ಇಬ್ಬರ ಜೋಳಿಗೆಗೂ ಒಂದೊಂದು ತುಂಡು ರೊಟ್ಟಿ ಹಾಕಿ ಒಳಗೆ ಹೋದಳು. ಯಾರು ಬಡವ, ಯಾರು ಸಾಹುಕಾರ ಎಂದು ಕೇಳಲಿಲ್ಲ. ಇವರಲ್ಲಿ ಯಾರು ದೇವರೋ ಅವಳಿಗೇನು ಗೊತ್ತು! ಬೇಡುವುದು ನಾಚಿಕೆಯ ಕೆಲಸವಲ್ಲದ ಒಂದು ಜಾಗ ಭೂಮಿಯ ಮೇಲಿದೆ, ಅದೂ ನಮ್ಮದೇ ಜಿಲ್ಲೆಯಲ್ಲಿದೆ ಎಂಬುದು ನನಗೆ ಬಹಳ ದಿನ ಸೋಜಿಗವಾಗಿ ಉಳಿಯಿತು.

ಮುಂದೆ ಮಾಸ್ತರನಾದೆ. ಜೇವರ್ಗಿ ತಾಲೂಕಿನಲ್ಲಿ ಭೀಮಾತೀರದ ಒಂದು ಹಳ್ಳಿಗೆ ವರ್ಗವಾಯಿತು. ಊರಿನ ಹೆಸರು ಬೇಡ. ಹಸಿದವರಿಗೆ ಉಣಿಸುವ ಮಾತು ಆ ತಾಲೂಕಿಗೆ ಹೊಸದಲ್ಲ. ಹೊಲಕ್ಕೆ ಬಂದ ಹಕ್ಕಿಗಳನ್ನೂ ಓಡಿಸದ ಶರಣಬಸವೇಶ್ವರರು ಇದೇ ಸೀಮೆಯ ಅರಳಗುಂಡಗಿಯವರು. ಅವರ ದಾಸೋಹದ ನೆನಪು ಕಲಬುರಗಿಯಲ್ಲಿ ಈಗಲೂ ಇದೆ. ಅದೇ ಶಹರದಲ್ಲಿ ಬಂದೇನವಾಜರ ದರ್ಗಾದ ಲಂಗರ್ ಇದೆ. ಹೆಸರು ಎರಡಾದರೂ ಅನ್ನ ಒಂದೇ. 2002ರಲ್ಲಿ ಸರ್ಕಾರ ಈಶಾನ್ಯ ಕರ್ನಾಟಕದ 7 ಜಿಲ್ಲೆಗಳ ಶಾಲೆಗಳಲ್ಲಿ ಮೊದಲು ಬಿಸಿಯೂಟ ಆರಂಭಿಸಿದಾಗ ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟವರು ಯಾರೋ, ಒಳ್ಳೆಯ ಹೆಸರನ್ನೇ ಇಟ್ಟರು. 2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಶಾಲೆಗಳಿಗೆ ಮೊಟ್ಟೆ ಬಂತು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಬಂತು. ಮೊಟ್ಟೆಯ ದಿನ ಹಾಜರಿ ಕರೆಯುವುದೇ ನನಗೊಂದು ಖುಷಿ.

2022ರ ಚಳಿಗಾಲ. ಶಾಲೆಯ ಹಿಂದಿನ ಬಯಲಲ್ಲಿ ಮೂರು ಗುಡಾರಗಳು ಎದ್ದವು. ಸೂಜಿ, ಪಿನ್ನು, ಬಾಚಣಿಗೆ, ಬಲೂನು ಮಾರುತ್ತ ಊರೂರು ತಿರುಗುವ ಜನ. ಅವರ ಒಂದು ಹುಡುಗಿಯನ್ನು ಒಲಿಸಿ ನಾಲ್ಕನೆಯ ತರಗತಿಯಲ್ಲಿ ಕೂರಿಸಿಕೊಂಡೆ. ಒಂದು ಮೊಟ್ಟೆಯ ದಿನ ನನ್ನ ತರಗತಿಯ ಇಬ್ಬರು ಹುಡುಗಿಯರು ಕೈ ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋದರು. ನೋಡಿದರೆ ಒಬ್ಬಳ ಮುಷ್ಟಿಯಲ್ಲಿ ಅರ್ಧ ಮೊಟ್ಟೆ, ಇನ್ನೊಬ್ಬಳ ಲಂಗದ ಜೇಬಿನಲ್ಲಿ ಬಾಳೆಹಣ್ಣು. ಗುಡಾರದಲ್ಲಿ ಜ್ವರ ಬಂದು ಮಲಗಿದ್ದ ಅಜ್ಜಿಗೆ ಕೊಡಲಿಕ್ಕೆ. ಶಾಲೆಯ ಊಟ ಶಾಲೆಯಲ್ಲೇ ತಿನ್ನಬೇಕೆಂಬ ನಿಯಮ ನೆನಪಾಗಿ ನಾನು ಗದರಿದೆ. ಮಕ್ಕಳ ಕಣ್ಣು ಕೆಳಗಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳ ಒಳ್ಳೆಯತನಕ್ಕೆ ಒಂದು ದಾರಿ ಮಾಡಿಕೊಡಬೇಕೆನಿಸಿತು. ಮರುದಿನ ಪ್ರತಿ ಮಗುವೂ ತನಗೆ ಪ್ರೀತಿಯಾದ ಒಂದು ತಿನಿಸು ತರಬೇಕೆಂದು ಹೇಳಿದೆ. ಮಕ್ಕಳು ಶೇಂಗಾ ಉಂಡಿ, ಬಿಸ್ಕೂಟು, ಚುರುಮುರಿ, ಐದು ರೂಪಾಯಿಯ ಚಾಕಲೇಟು ತಂದರು. ಒಬ್ಬ ಹುಡುಗ ಒಂದೇ ಒಂದು ಪೇರಲಹಣ್ಣು ತಂದ. ಒಂದು ರಟ್ಟಿನ ಡಬ್ಬಿ ತುಂಬಿತು. ಗುಡಾರದವರನ್ನು ಕರೆಸಿ ಧ್ವಜಕಟ್ಟೆಯ ಮುಂದೆ ಸಾಲಾಗಿ ನಿಲ್ಲಿಸಿದೆವು. ನಮ್ಮ ವಿದ್ಯಾರ್ಥಿನಿಯೂ ತನ್ನ ಅಜ್ಜಿಯ ಪಕ್ಕದಲ್ಲಿ ನಿಂತಳು. ನಾನೇ ಫೋಟೊ ತೆಗೆದೆ, ನಾನೇ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆಯ ಹೊತ್ತಿಗೆ ನನಗೆ ಎಷ್ಟೋ ಶಹಬ್ಬಾಸ್‌ಗಳು ಬಂದವು. ಸುಳ್ಳೇಕೆ ಹೇಳಲಿ, ಎಲ್ಲವನ್ನೂ ಎರಡೆರಡು ಸಲ ಓದಿದೆ.

ಮರುದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಅರ್ಧ ಮೊಟ್ಟೆಯ ಹುಡುಗಿಯನ್ನು ಕೇಳಿದೆ.

“ಆಕಿ ಬರಂಗಿಲ್ಲಂತ್ರಿ ಸರ್.”

“ಯಾಕ?”

“ನೀವು ತೆಗೆದ ಫೋಟೊದಾಗ ಆಕಿ ಕೈ ಚಾಚಿ ನಿಂತಾಳ್ರಿ. ಬ್ಯಾರೆ ಹುಡುಗ್ರು ನೋಡಿ ನಕ್ಕಾರ.”

ನಾನು ಸುಮ್ಮನಾದೆ. ಅವಳು ತಾನಾಗಿಯೇ ಮುಂದುವರಿಸಿದಳು. “ಹೊಳಿ ಬಂದಾಗ ನಮಗೂ ಹಿಂಗೇ ನಿಲ್ಲಿಸಿದ್ರು ಸರ್. ಬಿಸ್ಕೂಟ್ ಪುಡಾ ಕೈಯಾಗ ಕೊಟ್ಟು, ತಿನ್ನಬ್ಯಾಡ, ಮೊದಲ ಇಲ್ಲಿ ನೋಡು ಅಂದ್ರು.”

2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಮಹಾಪೂರ ಬಂದಿತ್ತು. ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿ ಜನ ಕಾಳಜಿ ಕೇಂದ್ರಗಳಲ್ಲಿ ದಿನ ಕಳೆದಿದ್ದರು. ಈ ಮಕ್ಕಳು ಆಗ ಒಂದನೆಯ, ಎರಡನೆಯ ತರಗತಿಯ ವಯಸ್ಸಿನವರು. ಹಸಿವೆಯನ್ನು ಅವರು ಮರೆತಿದ್ದರು, ಆ ಸಾಲನ್ನು ಮರೆತಿರಲಿಲ್ಲ. ಅದಕ್ಕೇ ಅರ್ಧ ಮೊಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದ ಒಯ್ದಿದ್ದರು. ಅಮ್ಮಿ ತಟ್ಟೆಯ ಮೇಲೆ ಬಟ್ಟೆ ಮುಚ್ಚುತ್ತಿದ್ದುದು ನೊಣಕ್ಕಾಗಿ ಮಾತ್ರ ಅಲ್ಲವೆಂದು ನನಗೆ ತಿಳಿಯಲು ನಲವತ್ತು ದಾಟಬೇಕಾಯಿತು.

ಫೋಟೊ ಅಳಿಸಿದೆ. ಆದರೆ ಅಷ್ಟರಲ್ಲಿ ಅದು ಎಷ್ಟು ಕೈ ದಾಟಿತ್ತೋ! ಗುಡಾರಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಅಜ್ಜಿ “ಇರ್ಲಿ ಬಿಡ್ರೀ ಮಾಸ್ತರ” ಎಂದಳು. ಹುಡುಗಿ ಹೊರಗೆ ಬರಲಿಲ್ಲ.

ತಪ್ಪನ್ನು ತಿದ್ದಿದವರು ಮಕ್ಕಳು. ಅದೇ ಡಿಸೆಂಬರ್‌ನಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಸೀಮೆಯ ಹಬ್ಬಗಳಲ್ಲಿ ಅದು ದೊಡ್ಡದು. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಎಲ್ಲ ಕಾಳು ಕಾಯಿಪಲ್ಯ ಕೂಡಿದ ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಜನ ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಚರಗ ಚೆಲ್ಲಿ ಆಮೇಲೆ ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುವುದು ವಾಡಿಕೆ. ನಾವು ಮುಸ್ಲಿಮರೂ ವರ್ಷ ವರ್ಷ ಯಾರದೋ ಹೊಲದಲ್ಲಿ ಉಂಡವರೇ. ಅರ್ಧ ಮೊಟ್ಟೆಯ ಹುಡುಗಿ ತನ್ನ ಅಪ್ಪನಿಗೆ ಗಂಟುಬಿದ್ದು ಗುಡಾರದ ಎಲ್ಲರನ್ನೂ ತಮ್ಮ ಹೊಲಕ್ಕೆ ಕರೆಸಿದಳು. ನನಗೂ ಕರೆ ಬಂತು. ಬನ್ನಿಗಿಡದ ಕೆಳಗೆ ಎಲ್ಲರೂ ಒಂದೇ ಗುಂಡಾಗಿ ಕುಳಿತೆವು. ಸಾಲು ಇರಲಿಲ್ಲ. ಫೋನು ನನ್ನ ಜೇಬಿನಲ್ಲೇ ಇತ್ತು.

ಉಂಡಾದ ಮೇಲೆ ಅಜ್ಜಿ ತನ್ನ ಚೀಲಕ್ಕೆ ಕೈ ಹಾಕಿದಳು. ಹುಡುಗಿಯರಿಗೆ ಒಂದೊಂದು ತಲೆಪಿನ್ನು, ಹುಡುಗರಿಗೆ ಒಂದೊಂದು ಬಲೂನು, ಮನೆಯೊಡತಿಗೆ ಒಂದು ಬಾಚಣಿಗೆ. ಆ ಮನೆಯೊಡತಿ “ಬ್ಯಾಡ ಯವ್ವಾ, ನಿಮಗs ಮಾರಲಿಕ್ಕ ಆಗ್ತದ” ಎಂದು ಹಿಂಜರಿದಳು. ಅಜ್ಜಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆ ಮುಖವನ್ನು ನಾನು ಬಲ್ಲೆ. “ತಗೋರಿ ಅಕ್ಕಾ, ದಯಮಾಡಿ ತಗೋರಿ” ಎಂದೆ. ನನ್ನ ದನಿ ಯಾಕೆ ಹಾಗಾಯಿತೆಂದು ಅವರಿಗೆ ತಿಳಿಯಲಿಲ್ಲ.

ಮರುದಿನ ತರಗತಿಯ ಹುಡುಗಿಯರ ತಲೆಯಲ್ಲಿ ಒಂದೇ ತರದ ಪಿನ್ನು. ಅವರ ನಡುವೆ ಗುಡಾರದ ಹುಡುಗಿಯೂ ಇದ್ದಳು. ಫೆಬ್ರವರಿಯಲ್ಲಿ ಗುಡಾರಗಳು ಎದ್ದುಹೋಗುವವರೆಗೂ ಅವಳು ತಪ್ಪದೆ ಬಂದಳು.

ಮಕ್ಕಳಿಗೆ ದಾನ ಕಲಿಸಬೇಕೆಂದು ನಾವು ಹೇಳುತ್ತಿರುತ್ತೇವೆ. ಕೊಡುವುದನ್ನು ಅವರು ಬಲ್ಲರು. ಬಾಯಿಗಿಟ್ಟ ತುತ್ತಿನಲ್ಲಿ ಅರ್ಧ ತೆಗೆದು ಕೊಡಬಲ್ಲರು. ದೊಡ್ಡವರಾದ ನಾವು ಕಲಿಯಬೇಕಾದ್ದು ಇನ್ನೊಂದಿದೆ, ಅದು ಇಸಿದುಕೊಳ್ಳುವುದು. ಹಸಿದವನಿಗೆ ಅನ್ನ ಕೊಟ್ಟು, ಅವನು ಮರಳಿ ಕೊಡುವ ನಾಲ್ಕು ಕಾಳನ್ನು ಗಟಾರಕ್ಕೆ ಎಸೆದರೆ, ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಅವನಿಂದ ಕಿತ್ತುಕೊಂಡಂತೆ.

ಈಗ ನಮ್ಮ ಮನೆಯಲ್ಲಿ ಶಬೇ ಬರಾತ್‌ನ ತಟ್ಟೆ ಒಯ್ಯುವವಳು ನನ್ನ ಮಗಳು. ಅವಳೂ ದಾರಿಯಲ್ಲಿ ಗೋಡಂಬಿ ತಿನ್ನುತ್ತಾಳೆಂದು ನನಗೆ ಗುಮಾನಿ. ಅದನ್ನು ಕೇಳಲು ಹೋಗುವುದಿಲ್ಲ. ಬಾಗಿಲಲ್ಲೇ ನಿಂತು ಕಾಯುತ್ತೇನೆ. ಬಂದೊಡನೆ ಕೇಳುವುದು ಒಂದೇ ಮಾತು.

“ತಟ್ಟೆಯಲ್ಲಿ ಏನು ತಂದೆ, ಬೇಟಿ?”