ಆಗುಂಬೆಯ ಘಾಟಿಯೂ ಗಾಡಿಯ ಹಿಂದಣ ಸದ್ದೂ

ಆಗುಂಬೆಯ ಹೆಸರನ್ನೆತ್ತಿದೊಡನೆ ಜನರು ಸೂರ್ಯಾಸ್ತಮಾನವನ್ನೂ ಮಳೆಯನ್ನೂ ನೆನೆಯುವರು. ಎರಡೂ ನೆನೆಯತಕ್ಕವೇ. ಮೋಡವಿಲ್ಲದ ಸಂಜೆ ಘಾಟಿಯ ನೆತ್ತಿಯಲ್ಲಿ ನಿಂತರೆ ಕಾಡುಗಳಾಚೆ ಪಡುವಣ ಕಡಲು ಒಂದು ಹೊಳೆಯುವ ಗೆರೆಯಾಗಿ ತೋರುವುದು. ವರ್ಷದ ಸರಾಸರಿಯಲ್ಲಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರುಗಳು ನಮ್ಮ ನಾಡಿನಲ್ಲಿ ಬಹಳವಿಲ್ಲ. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಅಲ್ಲಿಯ ದಾರಿಯ ವಿಚಾರವನ್ನು. ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ಈ ದಾರಿಯು ಮಲೆನಾಡಿನ ಏರಿಳಿತಗಳಲ್ಲಿ ಸಾಗಿ, ಅಲ್ಲಿಂದ ಮುಂದೆ 14 ಕಡಿದಾದ ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಯುವುದು. ಮೇಲಿನದು ಶಿವಮೊಗ್ಗ ಜಿಲ್ಲೆ, ಕೆಳಗಿನದು ಉಡುಪಿ ಜಿಲ್ಲೆ. ಗಾಡಿಯಲ್ಲಿ ಅಡಗಿರುವ ದೋಷವನ್ನು ಇಂಥ ದಾರಿಯು ಬಯಲಿಗೆಳೆಯುವಂತೆ ಬಯಲುಸೀಮೆಯ ನೇರವಾದ ಹೆದ್ದಾರಿಯು ಎಳೆಯಲಾರದು.

2023ನೆಯ ಇಸವಿಯ ನವೆಂಬರಿನಲ್ಲಿ ನಮ್ಮ ಅತ್ತಿಗೆಯವರ ಕಣ್ಣಿನ ಪೊರೆಯನ್ನು ತೆಗೆಯಿಸುವ ಸಲುವಾಗಿ ಮಣಿಪಾಲಕ್ಕೆ ಹೋಗಬೇಕಾಯಿತು. ಮರುದಿನ ಬೆಳಗ್ಗೆ 8 ಗಂಟೆಗೆ ಅವರು ಅಲ್ಲಿರತಕ್ಕದ್ದೆಂದು ವೈದ್ಯರ ಅಪ್ಪಣೆ. ತೀರ್ಥಹಳ್ಳಿಯ ಬಳಿಯ ತೋಟದಿಂದ ಬೆಳಗಿನ ಹೊತ್ತು ಹಳೆಯ ಜೀಪಿನಲ್ಲಿ ಹೊರಟೆವು. ನಡೆಸುವವನು ಅತ್ತಿಗೆಯವರ ಮಗ. ಆ ಗಾಡಿಯ ಹಿಂಭಾಗದಲ್ಲಿ ಒಂದು ತಿಂಗಳಿನಿಂದ ‘ಟಣ್’ ಎಂದು ಸುತ್ತಿಗೆಯಿಂದ ಬಡಿದಂತೆ ಒಂದು ಸದ್ದು. ಒಬ್ಬ ಮೇಸ್ತ್ರಿಯು ಗಾಡಿಯನ್ನು ಹಳ್ಳದ ಮೇಲೆ ಒಮ್ಮೆ ಓಡಿಸಿ ನೋಡಿ, ಸ್ಪ್ರಿಂಗು ಪಟ್ಟಿಗಳ ರಬ್ಬರು ಬುಷ್ಷುಗಳು ಸವೆದಿವೆಯೆಂದು ತೀರ್ಪಿತ್ತು, ಅವನ್ನೆಲ್ಲ ಬದಲಾಯಿಸಿದ್ದನು. ಹಣ ಹೋಯಿತು, ಸದ್ದು ಉಳಿಯಿತು.

ಇಂಥ ಸದ್ದು ಎಲ್ಲಿಂದ ಬರುವುದೆಂದು ಕಿವಿಗೊಟ್ಟು ಕೇಳುವುದರಿಂದ ಪ್ರಯೋಜನ ಸ್ವಲ್ಪವೇ. ಗಾಡಿಯ ಕಬ್ಬಿಣದ ಚೌಕಟ್ಟು ಒಂದು ಮೂಲೆಯ ಶಬ್ದವನ್ನು ಇನ್ನೊಂದು ಮೂಲೆಗೆ ಹೊತ್ತೊಯ್ಯುವುದು. ಎಲ್ಲಿ ಎನ್ನುವುದಕ್ಕೆ ಮೊದಲು ಯಾವಾಗ ಎಂದು ಕೇಳಬೇಕು. ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕ ಎಂಬ ಕ್ರಮವೊಂದುಂಟು: ಇದಿದ್ದರೆ ಅದಿರುವುದು, ಇದಿಲ್ಲದಿದ್ದರೆ ಅದಿಲ್ಲದಿರುವುದು; ಎರಡನ್ನೂ ಕಂಡ ಮೇಲೆಯೇ ಇದು ಅದಕ್ಕೆ ಕಾರಣವೆನ್ನಬೇಕು. ಮೇಸ್ತ್ರಿಯು ಮೊದಲನೆಯದನ್ನು ಮಾತ್ರ ನೋಡಿದ್ದನು. ಹಳ್ಳ ಬಂದಿತು, ಸದ್ದಾಯಿತು. ಆದುದರಿಂದ ಹಳ್ಳವೇ ಕಾರಣ, ಹಳ್ಳದ ಪೆಟ್ಟನ್ನು ತಿನ್ನುವ ಬುಷ್ಷೇ ಅಪರಾಧಿ. ಮಡಕೆ ಹುಟ್ಟುವಲ್ಲಿ ಮಣ್ಣು ಹೊತ್ತ ಕತ್ತೆಯೂ ನಿಂತಿರುವುದಷ್ಟೆ. ಅದನ್ನು ಮಡಕೆಗೆ ಕಾರಣವೆಂದು ಯಾವ ತಾರ್ಕಿಕನೂ ಒಪ್ಪನು.

ಮೇಗರವಳ್ಳಿಯನ್ನು ದಾಟಿದ ಮೇಲೆ ಹುಡುಗನಿಗೆ ಹೇಳಿ ಒಂದೊಂದಾಗಿ ಪರೀಕ್ಷೆ ಮಾಡಿಸಿದೆವು. ಆಕ್ಸಿಲರೇಟರಿನ ಮೇಲಣ ಕಾಲನ್ನು ಅಲುಗಿಸದೆ ಮೆಲ್ಲನೆ ಹಳ್ಳವನ್ನು ದಾಟಿಸಿದನು: ಸದ್ದಿಲ್ಲ. ಒಂದೇ ವೇಗದಲ್ಲಿ ತಿರುವನ್ನು ಸುತ್ತಿಸಿದನು: ಸದ್ದಿಲ್ಲ. ನುಣ್ಣನೆಯ ಸಮದಾರಿಯಲ್ಲಿ ಕಾಲೆತ್ತಿ ಮತ್ತೆ ಒತ್ತಿದನು: ‘ಟಣ್’. ಹತ್ತು ಸಾರಿ ಮಾಡಿದರೆ ಹತ್ತು ಸಾರಿಯೂ ಅದೇ. ಹಳ್ಳ ಕಂಡಾಗ ಯಾರೇ ಆಗಲಿ ಕಾಲನ್ನು ಎತ್ತುವರು, ದಾಟಿದೊಡನೆ ಒತ್ತುವರು. ಮೇಸ್ತ್ರಿಗೆ ಕೇಳಿಸಿದ್ದು ಈ ಎತ್ತುವ ಒತ್ತುವ ಸದ್ದು.

ಗೃಹಸ್ಥರಾದ ವಾಚಕರಿಗೆ ಇದರ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಗಾಡಿಯಲ್ಲಿ ಎಂಜಿನು ಮುಂದೆ, ಅದರ ಬಲವನ್ನು ಪಡೆಯುವ ಅಚ್ಚು ಹಿಂದೆ. ನಡುವೆ ಪ್ರೊಪೆಲ್ಲರ್ ಶಾಫ್ಟು ಎಂಬ ಉದ್ದನೆಯ ಕೊಳವೆ ತಿರುಗುತ್ತಿರುವುದು. ಹಿಂದಣ ಅಚ್ಚು ಸ್ಪ್ರಿಂಗುಗಳ ಮೇಲೆ ಸದಾ ಏರಿ ಇಳಿಯುವುದರಿಂದ ಶಾಫ್ಟಿನ ಎರಡು ತುದಿಗಳಲ್ಲಿಯೂ ಬಾಗಬಲ್ಲ ಸಂಧಿ ಬೇಕು. ಅದೇ ಯೂನಿವರ್ಸಲ್ ಜಾಯಿಂಟು. ನಾಲ್ಕು ತೋಳುಗಳ ಚಿಕ್ಕ ಉಕ್ಕಿನ ತುಂಡು, ತೋಳಿಗೊಂದು ಬಟ್ಟಲು, ಬಟ್ಟಲಿನೊಳಗೆ ಸೂಜಿಯಂಥ ಉರುಳೆಗಳು. ಗ್ರೀಸು ಒಣಗಿದರೆ ಉರುಳೆಗಳು ಸವೆದು ಸಂಧಿ ಸಡಿಲುವುದು. ಎಂಜಿನು ಚಕ್ರವನ್ನು ಎಳೆಯುವಾಗ ಆ ಸಡಿಲು ಒಂದು ಕಡೆಗೆ ಒತ್ತಿಕೊಂಡಿರುವುದು. ಕಾಲೆತ್ತಿದಾಗ ಚಕ್ರವೇ ಎಂಜಿನನ್ನು ನೂಕುವುದರಿಂದ ಇನ್ನೊಂದು ಕಡೆಗೆ ಬಡಿಯುವುದು. ಆದರೆ ಅಚ್ಚಿನ ನಡುವಣ ಗುಂಡಿನೊಳಗೆ, ಡಿಫರೆನ್ಷಿಯಲಿನಲ್ಲಿ, ಹಲ್ಲಿನ ಚಕ್ರಗಳು ಸವೆದಿದ್ದರೂ ಇದೇ ಸದ್ದೇ ಬರುವುದು. ಸಂಧಿಯಾದರೆ ಸ್ವಲ್ಪದರಲ್ಲಿ ಮುಗಿಯಿತು. ಡಿಫರೆನ್ಷಿಯಲಾದರೆ ದೊಡ್ಡ ಗಂಟು. ಇವೆರಡರಲ್ಲಿ ಯಾವುದೆಂಬುದನ್ನು ಮೇಲೆ ಕುಳಿತು ಹೇಳಲಾಗದು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಅಕಾಲಮರಣದ ಪ್ರಶ್ನೆ ಬಂದಾಗ ಆತ್ರೇಯನು ಅಗ್ನಿವೇಶನಿಗೆ ಕೊಡುವ ದೃಷ್ಟಾಂತವು ಗಾಡಿಯ ಅಚ್ಚಿನದೇ. ಹದವಾಗಿ ನಡೆಸಿದ ಅಚ್ಚು ತನ್ನ ಅಳತೆಯಷ್ಟು ಬಾಳಿ ಸವೆದು ಮುಗಿಯುವುದು; ಅತಿಭಾರ, ಹಳ್ಳತಿಟ್ಟು, ಜಿಡ್ಡಿಲ್ಲದಿರುವಿಕೆ ಮೊದಲಾದವು ಸೇರಿದರೆ ನಡುವೆಯೇ ಮುರಿಯುವುದು. ಅಡಕೆಯ ಮೂಟೆಗಳನ್ನು ಹೊತ್ತು ಎರಡು ಮಳೆಗಾಲ ಕೆಸರಿನಲ್ಲಿ ಮುಳುಗಿ ಎದ್ದ ನಮ್ಮ ಜೀಪಿಗೆ ಇವುಗಳಲ್ಲಿ ಯಾವುದೂ ತಪ್ಪಿರಲಿಲ್ಲ.

ಆಗುಂಬೆಯಲ್ಲಿ ಸಮನೆಲ ನೋಡಿ ಗಾಡಿಯನ್ನು ನಿಲ್ಲಿಸಿದೆವು. ಎಂಜಿನು ನಿಂತಿತು, ಚಕ್ರಗಳ ಹಿಂದೂ ಮುಂದೂ ಕಲ್ಲುಗಳನ್ನು ಒತ್ತಿದೆವು. ಆಮೇಲೆ ಗೇರನ್ನೂ ಕೈಬ್ರೇಕನ್ನೂ ಬಿಟ್ಟು ಹುಡುಗನು ಕೆಳಗೆ ನುಸುಳಿ ಶಾಫ್ಟನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿದನು. ಶಾಫ್ಟಿನ ತುದಿಯೂ ಅದರಾಚೆಯ ಡಿಫರೆನ್ಷಿಯಲಿನ ಕವಲೂ ಒಟ್ಟಿಗೆ ಅಲುಗಿದರೆ ಸಡಿಲು ಒಳಗಿನ ಹಲ್ಲುಗಳಲ್ಲಿ. ಶಾಫ್ಟು ಅಲುಗಿ ಕವಲು ನಿಂತೇ ಇದ್ದರೆ ಸಡಿಲು ಸಂಧಿಯಲ್ಲಿ. ಹಿಂದಣ ಕವಲು ನಿಂತೇ ಇದ್ದಿತು. ಬಟ್ಟಲುಗಳಲ್ಲೊಂದರ ಬಾಯಿಯ ಸುತ್ತ ಕಾವಿಯ ಬಣ್ಣದ ಪುಡಿ. ಗ್ರೀಸು ತೀರಿ ಉರುಳೆಗಳು ತುಕ್ಕಾಗಿ ಉದುರುತ್ತಿದ್ದುದರ ಗುರುತು ಅದು.

‘ಸದ್ದೊಂದೇ ತಾನೆ, ಒಂದು ತಿಂಗಳು ಓಡಿದ ಗಾಡಿ ಇನ್ನೊಂದು ಘಂಟೆ ಓಡಲಾರದೆ?’ ಎಂದು ಹುಡುಗನು ಕೇಳಿದನು. ಕೇಳತಕ್ಕ ಪ್ರಶ್ನೆಯೇ. ಏರಿನಲ್ಲಾದರೆ ಸಂಧಿ ಮುರಿದರೂ ಬ್ರೇಕು ಹಿಡಿದು ನಿಲ್ಲಬಹುದು. ಇಳಿಜಾರಿನಲ್ಲಿ ಸಣ್ಣ ಗೇರಿನ ಎಂಜಿನೇ ಗಾಡಿಯನ್ನು ಹಿಂದಕ್ಕೆ ಹಿಡಿದಿರುವುದು, ಆ ಹಿಡಿತವು ಹಾದುಹೋಗುವುದು ಈ ಸಂಧಿಯ ಮೂಲಕ. ಅದು ಮುರಿದರೆ ಭಾರವೆಲ್ಲ ಕಾಲ್ಬ್ರೇಕಿನ ಮೇಲೆ. ಈ ಹಳೆಯ ಜೀಪಿನಲ್ಲಿ ಕೈಬ್ರೇಕು ಕೂಡ ಚಕ್ರಗಳಲ್ಲಿಲ್ಲ; ಶಾಫ್ಟಿನ ಮುಂದಣ ತುದಿಯಲ್ಲಿರುವುದು. ಶಾಫ್ಟು ಹೋದರೆ ಹಿಂದಣ ಚಕ್ರಗಳ ಮೇಲೆ ಅದರ ಹಿಡಿತವೂ ಹೋಯಿತು. ಕಳಚಿದ ಶಾಫ್ಟು ಕೆಳಗೆ ಬೀಸಾಡಿ ಬ್ರೇಕಿನ ಕೊಳವೆಗೆ ಬಡಿದರಂತೂ ಹೇಳುವುದೇ ಬೇಡ. ತಿರುವುಗಳು 14, ಪಕ್ಕದಲ್ಲಿ ಕಾಡುಕಣಿವೆ.

ಇಷ್ಟು ಹೇಳುತ್ತಿರುವಾಗ ಅತ್ತಿಗೆಯವರು ಗಾಡಿಯಿಂದಿಳಿದು ಬಂದು, ‘ನಾನು ಬಸ್ಸಿನಲ್ಲಿ ಹೋಗುವೆ. ಇವನನ್ನು ಮಾತ್ರ ಇದರಲ್ಲಿ ಇಳಿಸಬೇಡಿ’ ಎಂದರು. ಹುಡುಗನು ಮರುಮಾತಾಡಲಿಲ್ಲ. ಆ ತಿರುವುಗಳಿಗೆ ಒಗ್ಗುವ ಚಿಕ್ಕ ಬಸ್ಸುಗಳು ಅಲ್ಲಿ ಓಡಾಡುವುವು; ಅವುಗಳಲ್ಲೊಂದರಲ್ಲಿ ನಮ್ಮ ಮನೆಯವರ ಜೊತೆಯಲ್ಲಿ ಅವರನ್ನು ಕೂರಿಸಿ ಕಳುಹಿದೆವು. ಹುಡುಗನು ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗಿ ಹೊಸ ಸಂಧಿಯನ್ನೂ, ಅದನ್ನು ಕೂರಿಸಬಲ್ಲ ಒಬ್ಬ ಕೆಲಸಗಾರನನ್ನೂ ಕರೆತರುವಷ್ಟರಲ್ಲಿ ಕತ್ತಲಾಯಿತು. ಆ ರಾತ್ರಿ ಊರಿನೊಬ್ಬ ಪರಿಚಿತರ ಜಗಲಿಯಲ್ಲಿ ಮಲಗಿದೆವು. ನವೆಂಬರಿನಲ್ಲಿಯೂ ಮಾಡಿನಿಂದ ಹನಿ ತೊಟ್ಟಿಕ್ಕುತ್ತಲೇ ಇದ್ದಿತು.

ಬೆಳಗ್ಗೆ ಕೆಲಸವು ಒಂದು ಘಂಟೆಯೊಳಗೆ ಮುಗಿಯಿತು. ಕಳಚುವ ಮೊದಲು ಕೆಲಸಗಾರನು ಶಾಫ್ಟಿಗೂ ಕವಲಿಗೂ ಸುಣ್ಣದಿಂದ ಗುರುತಿಟ್ಟುದನ್ನು ಮೆಚ್ಚಿದೆವು. ಇದ್ದ ನೇರದಲ್ಲಿಯೇ ಮತ್ತೆ ಜೋಡಿಸದಿದ್ದರೆ ಶಾಫ್ಟು ನಡುಗುವುದುಂಟು. ಘಾಟಿಯನ್ನು ಮೆಲ್ಲನೆ ಇಳಿದೆವು. ಪ್ರತಿ ತಿರುವಿನಲ್ಲಿಯೂ ಹುಡುಗನು ಬೇಕೆಂದೇ ಕಾಲೆತ್ತಿ ಒತ್ತುತ್ತಿದ್ದನು. ಕೇಳಿಸಿದ್ದು ಜೀರುಂಡೆಗಳ ದನಿ ಮಾತ್ರ. ಸೋಮೇಶ್ವರದಲ್ಲಿ ನಿಲ್ಲಿಸಿ ಬಟ್ಟಲುಗಳನ್ನು ಮುಟ್ಟಿ ನೋಡಿದನು, ಬಿಸಿಯೇರಿರಲಿಲ್ಲ.

ಮಣಿಪಾಲವನ್ನು ಸೇರುವ ವೇಳೆಗೆ ಅತ್ತಿಗೆಯವರ ಕಣ್ಣಿಗೆ ಪಟ್ಟಿ ಕಟ್ಟಿ ಆಗಿದ್ದಿತು. ಹುಡುಗನು ಹಳೆಯ ಸಂಧಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದನು. ಅವರು ಅದನ್ನು ಕೈಗೆ ತೆಗೆದುಕೊಂಡು, ಸೂಜಿಯುರುಳೆಗಳು ಕೊರೆದ ಗೀರುಗಳ ಮೇಲೆ ಬೆರಳಾಡಿಸಿ, ‘ಇಷ್ಟೇ ಇದ್ದುದೋ?’ ಎಂದರು.